ಆಕ್ಸಿಜನ್ ಸೆನ್ಸರ್ ಮನೆಯಲ್ಲೇ ಬದಲಾಯಿಸಬಹುದಾ? ಚೆಕ್ ಎಂಜಿನ್ ಲೈಟ್ ಹೋಗ್ತಾ ಇಲ್ಲ

ಕಟಪಾಡಿಯವ | ಶನಿವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಬಿಎಸ್4 (ಹೊಗೆ ನಿಯಮದ ಹಂತ) ಪೆಟ್ರೋಲ್ ಹ್ಯಾಚ್‌ಬ್ಯಾಕ್, 84,000 ಕಿಲೋಮೀಟರ್ ಆಗಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಚೆಕ್ ಎಂಜಿನ್ ಲೈಟ್ ಬಂತು. ಎರಡು ದಿನ ಬಿಟ್ಟು ತಾನಾಗಿ ಹೋಯಿತು. ಆಮೇಲೆ ಮತ್ತೆ ಬಂದದ್ದು ಹೋಗಲೇ ಇಲ್ಲ.

ದಿನಾ ಕಟಪಾಡಿಯಿಂದ ಉಡುಪಿಗೆ ಹೋಗಿ ಬರುವುದಷ್ಟೇ ನನ್ನ ಓಡಾಟ. ಮೊದಲು ಲೀಟರಿಗೆ 15 ಸಿಗುತ್ತಿತ್ತು, ಈಗ 12 ದಾಟುವುದೇ ಕಷ್ಟ. ವಿಚಿತ್ರ ಎಂದರೆ ಹೋದ ವಾರ ಮಂಗಳೂರಿಗೆ ಹೋಗಿ ಬಂದಾಗ ಮೈಲೇಜ್ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಒಂದು ಗ್ಯಾರೇಜಿಗೆ ತೋರಿಸಿದೆ. "ಎರಡೂ ಆಕ್ಸಿಜನ್ ಸೆನ್ಸರ್ ಹೋಗಿದೆ, ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಒಟ್ಟಿಗೆ ಬದಲಾಯಿಸಿ ಬಿಡುವ" ಅಂದರು. (ಹೊಗೆಯ ಆಮ್ಲಜನಕ ಅಳೆಯುವುದು ಸೆನ್ಸರ್, ಹೊಗೆಯ ವಿಷ ಕಡಿಮೆ ಮಾಡುವುದು ಕನ್ವರ್ಟರ್.) ಹೇಳಿದ ಮೊತ್ತ ಕೇಳಿ, ಸಂಜೆ ಬರ್ತೇನೆ ಅಂತ ಹೇಳಿ ಕಾರು ತಗೊಂಡು ಬಂದೆ. ಯಾವ ಸಂಜೆ ಅಂತ ಹೇಳಲಿಲ್ಲ.

ಪ್ಲಗ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್ ನಾನೇ ಹಾಕಿಕೊಳ್ಳುತ್ತೇನೆ. ಈ ಸೆನ್ಸರ್ ಕೆಲಸ ಮನೆ ಅಂಗಳದಲ್ಲಿ ಆಗುವಂಥದ್ದಾ?

ಮಲ್ಪೆ_ಬೋಟ್ | ಶನಿವಾರ, ರಾತ್ರಿ 9:31

ಆ ಲೈಟಿನ ಮೇಲೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಮಾರಾಯ್ರೆ. ನಮ್ಮ ಬೋಟಿನ ಎಂಜಿನಿಗೆ ಸೆನ್ಸರೂ ಇಲ್ಲ, ಲೈಟೂ ಇಲ್ಲ. ಜೂನ್, ಜುಲೈ ಎರಡು ತಿಂಗಳು ರಜೆ ಬಿಟ್ಟರೆ ವರ್ಷವಿಡೀ ಓಡ್ತದೆ.

ಸುರತ್ಕಲ್_ಸ್ಪ್ಯಾನರ್ | ಶನಿವಾರ, ರಾತ್ರಿ 9:50

ಬೋಟಿನವರ ಮಾತು ಕೇಳಬೇಡಿ, ಅವರಿಗೆ ತಮಾಷೆ.

ಮೊದಲು ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಎಷ್ಟು ಅಂತ ಹೇಳಿ. ಗ್ಯಾರೇಜಿನವರು ಸ್ಕ್ಯಾನ್ ಮಾಡಿದ್ದರೆ ಒಂದು ಕೋಡ್ ಬಂದಿರಲೇಬೇಕು. ಇಲ್ಲದಿದ್ದರೆ ಇಎಲ್‌ಎಂ327 ಅಂತ ಒಂದು ಸಣ್ಣ ಬ್ಲೂಟೂತ್ ಅಡಾಪ್ಟರ್ ಸಿಗುತ್ತದೆ, ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಚುಚ್ಚಿ ಮೊಬೈಲ್‌ನಲ್ಲಿ ಆ್ಯಪ್ ಹಾಕಿದರೆ ಆಯಿತು. ಕೋಡ್ ನೋಡದೆ ಸೆನ್ಸರ್ ಬದಲಾಯಿಸುವುದು ಅಂದರೆ ಜ್ವರ ಬಂತು ಅಂತ ಹಲ್ಲು ಕೀಳಿಸಿದ ಹಾಗೆ.

ಕಟಪಾಡಿಯವ | ಭಾನುವಾರ, ಬೆಳಿಗ್ಗೆ 11:05

ಆಫೀಸಿನ ಒಬ್ಬರ ಹತ್ತಿರ ಅಡಾಪ್ಟರ್ ಇತ್ತು. ಒಂದೇ ಕೋಡ್ ಬಂತು: ಪಿ0135. ಬೇರೇನೂ ಇಲ್ಲ.

ಕದ್ರಿ_ಮಾಷ್ಟ್ರು | ಭಾನುವಾರ, ಮಧ್ಯಾಹ್ನ 12:40

ಒಂದೇ ಕೋಡ್ ಬಂದದ್ದು ನಿಮ್ಮ ಪುಣ್ಯ.

ಪಿ0135 ಅಂದರೆ ಬ್ಯಾಂಕ್ 1, ಸೆನ್ಸರ್ 1ರ ಹೀಟರ್ ಸರ್ಕ್ಯೂಟ್‌ನಲ್ಲಿ ತೊಂದರೆ. ನಿಮ್ಮದು ಸಾಲಾಗಿ ಸಿಲಿಂಡರ್ ಇರುವ ಎಂಜಿನ್, ಹಾಗಾಗಿ ಬ್ಯಾಂಕ್, ಅಂದರೆ ಸಿಲಿಂಡರ್‌ಗಳ ಸಾಲು, ಒಂದೇ. ಸೆನ್ಸರ್ 1 ಅಂದರೆ ಕನ್ವರ್ಟರ್‌ಗಿಂತ ಮೊದಲು ಇರುವುದು. ಹಿಂದಿನ ಸೆನ್ಸರಿನ ಹೀಟರ್ ಹೋಗಿದ್ದರೆ ಪಿ0141 ಬರಬೇಕಿತ್ತು. ಕನ್ವರ್ಟರ್ ಸೋತಿದ್ದರೆ ಪಿ0420. ಎರಡೂ ಇಲ್ಲ. ಮತ್ತೆ ಅವೆರಡನ್ನು ಯಾಕೆ ಬದಲಾಯಿಸುವುದು?

ಇನ್ನು ನಿಮ್ಮ ಮಂಗಳೂರು ಪ್ರಯಾಣ. ಉತ್ತರ ಅದರಲ್ಲೇ ಉಂಟು. ಈ ಸೆನ್ಸರಿನ ಒಳಗೆ ಇರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯ ಒಂದು ಸಣ್ಣ ಕೊಳವೆ, ಅದರ ಒಳಗೂ ಹೊರಗೂ ಪ್ಲಾಟಿನಂ ಲೇಪ. ಒಂದು ಕಡೆ ಹೊಗೆ, ಇನ್ನೊಂದು ಕಡೆ ಹೊರಗಿನ ಗಾಳಿ. ಎರಡೂ ಕಡೆಯ ಆಮ್ಲಜನಕದಲ್ಲಿ ವ್ಯತ್ಯಾಸ ಇದ್ದರೆ ಅದು ಸ್ವಲ್ಪ ವೋಲ್ಟೇಜ್ ಹುಟ್ಟಿಸುತ್ತದೆ. ಪೆಟ್ರೋಲ್ ಜಾಸ್ತಿಯಾಗಿ ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ 0.8, 0.9 ವೋಲ್ಟ್. ಗಾಳಿ ಜಾಸ್ತಿಯಾದರೆ 0.1. ಇದನ್ನು ನೋಡಿಕೊಂಡು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲನ್ನು ಏರಿಸುತ್ತಾ ಇಳಿಸುತ್ತಾ ಇರುತ್ತದೆ. ಬರೀ ಪೆಟ್ರೋಲ್ ಆದರೆ ಒಂದು ಕಿಲೋಗೆ 14.7 ಕಿಲೋ ಗಾಳಿ, ಅದು ಗುರಿ.

ಆದರೆ ಆ ಪಿಂಗಾಣಿ 300 ಡಿಗ್ರಿ ದಾಟುವವರೆಗೆ ಬಾಯಿಯೇ ಬಿಡುವುದಿಲ್ಲ. ಬೇಗ ಬಿಸಿಯಾಗಲಿ ಅಂತಲೇ ಒಳಗೆ ಹೀಟರ್ ಇಟ್ಟದ್ದು. ಹೀಟರ್ ಸತ್ತರೆ ಹೊಗೆಯ ಬಿಸಿಯೊಂದನ್ನೇ ನಂಬಿಕೊಂಡು ಕೂರಬೇಕು. ಅಲ್ಲಿಯವರೆಗೆ ಇಸಿಯು ಕಣ್ಣು ಮುಚ್ಚಿಕೊಂಡು, ತನ್ನ ಲೆಕ್ಕದ ಪುಸ್ತಕ ನೋಡಿ, ಒಂದು ಹಿಡಿ ಜಾಸ್ತಿಯೇ ಪೆಟ್ರೋಲ್ ಹಾಕುತ್ತದೆ. ಕಟಪಾಡಿಯಿಂದ ಉಡುಪಿಗೆ ಎಷ್ಟು ದೂರ? ಸೆನ್ಸರ್ ಬಿಸಿಯಾಗಿ ನೆಟ್ಟಗೆ ಮಾತಾಡಲು ಶುರುಮಾಡುವಾಗ ನೀವು ಆಫೀಸಿನ ಗೇಟಲ್ಲಿ ಇರುತ್ತೀರಿ. ಮಂಗಳೂರಿಗೆ ಹೋಗುವಾಗ ಹೆದ್ದಾರಿಯಲ್ಲಿ ಒಂದು ಗಂಟೆ ಓಡುತ್ತದೆ, ಹಾಗಾಗಿ ನಷ್ಟ ಗೊತ್ತಾಗುವುದಿಲ್ಲ.

ಹಾಗಂತ ಈಗಲೇ ಸೆನ್ಸರ್ ತರಿಸಬೇಡಿ. ಕೋಡ್ ಹೇಳಿದ್ದು ಹೀಟರ್ "ಸರ್ಕ್ಯೂಟ್" ಅಂತ. ಅದರಲ್ಲಿ ಫ್ಯೂಸ್ ಉಂಟು, ತಂತಿ ಉಂಟು, ಕನೆಕ್ಟರ್ ಉಂಟು. ಸೆನ್ಸರ್ ಕಡೆಯ ಕನೆಕ್ಟರ್ ಬಿಚ್ಚಿ ನೋಡಿ. ನಾಲ್ಕು ತಂತಿ ಇರುತ್ತದೆ. ಅದರಲ್ಲಿ ಒಂದೇ ಬಣ್ಣದ ಎರಡು, ಸಾಮಾನ್ಯವಾಗಿ ಬಿಳಿ, ಹೀಟರಿನದ್ದು. ಅವೆರಡರ ನಡುವೆ ಮಲ್ಟಿಮೀಟರ್ ಹಿಡಿದು ಓಮ್ ನೋಡಿ ಹೇಳಿ. ಎಂಜಿನ್ ತಣ್ಣಗಿರುವಾಗ ಮಾಡಿ.

ಮಣಿಪಾಲ_ಮೈಲೇಜ್ | ಭಾನುವಾರ, ಮಧ್ಯಾಹ್ನ 1:15

ಸೆನ್ಸರ್ ತರಿಸುವ ಮೊದಲು ತಂತಿ ನೋಡಿ ಅಂತ ಮಾಷ್ಟ್ರು ಹೇಳಿದ ಮಾತನ್ನು ಎರಡು ಸಲ ಓದಿ. ನಾನು ಅದನ್ನು ಓದದೆ ಕೆಟ್ಟವನು.

ನನಗೂ ಇದೇ ಪಿ0135 ಬಂದಿತ್ತು. ಅವಸರದಲ್ಲಿ ಹೊಸ ಸೆನ್ಸರ್ ತರಿಸಿ ಹಾಕಿದೆ. ಲೈಟ್ ಹೋಗಲಿಲ್ಲ. ಎರಡು ವಾರ ಕಂಪನಿಗೆ ಬೈದೆ. ಕೊನೆಗೆ ಎಂಜಿನ್ ಕವರ್ ತೆಗೆದು ನೋಡಿದರೆ ಒಳಗೆ ಹಲಸಿನ ಬೀಜದ ಗೋದಾಮು! ಲೆಕ್ಕ ಮಾಡಿದೆ, 17 ಬೀಜ. ಪಕ್ಕದಲ್ಲೇ ಹೀಟರಿನ ತಂತಿ ನೀಟಾಗಿ ತುಂಡು. ಇಲಿಗೆ ಬೀಜ ಸಾಲದೆ ತಂತಿಯನ್ನೂ ತಿಂದಿತ್ತು.

ಕಟಪಾಡಿಯವ | ಭಾನುವಾರ, ಸಂಜೆ 4:30

ನೋಡಿದೆ. ಫ್ಯೂಸ್ ಸರಿ ಉಂಟು. ತಂತಿಗೆ ಇಲಿ ಬಾಯಿ ಹಾಕಿಲ್ಲ. ಎರಡು ಬಿಳಿ ತಂತಿ ನಡುವೆ ಮೀಟರ್ 1 ತೋರಿಸುತ್ತದೆ. 1 ಓಮ್ ಅಂದರೆ ಹೀಟರ್ ಸರಿ ಉಂಟು ಅಂತ ಅಲ್ವಾ?

ಸುರತ್ಕಲ್_ಸ್ಪ್ಯಾನರ್ | ಭಾನುವಾರ, ಸಂಜೆ 4:42

1 ಓಮ್ ತುಂಬ ಕಡಿಮೆ ಆಯಿತು. ಒಳಗೆ ಶಾರ್ಟ್ ಆಗಿದೆ ಅನ್ನಿಸುತ್ತದೆ. ಆದರೆ ಹಾಗಾದರೆ ಫ್ಯೂಸ್ ಹಾರಬೇಕಿತ್ತಲ್ಲ. ಎಂತದು ಇದು?

ಕದ್ರಿ_ಮಾಷ್ಟ್ರು | ಭಾನುವಾರ, ಸಂಜೆ 5:10

ಕಟಪಾಡಿಯವರೇ, ನಿಮ್ಮ ಮೀಟರ್ ಹಳದಿ ಬಣ್ಣದ ಸಣ್ಣದಾ? ಆ 1 ಎಲ್ಲಿ ಬರುತ್ತದೆ, ಪರದೆಯ ಎಡ ತುದಿಯಲ್ಲಾ, ಬಲದಲ್ಲಾ? ಎರಡು ಪಿನ್ನನ್ನು ಗಾಳಿಯಲ್ಲಿ ಹಿಡಿದರೆ ಏನು ತೋರಿಸುತ್ತದೆ?

ಕಟಪಾಡಿಯವ | ಭಾನುವಾರ, ಸಂಜೆ 5:18

ಹೌದು, ಹಳದಿ. ಎಡ ತುದಿಯಲ್ಲಿ ಒಂಟಿ 1. ಗಾಳಿಯಲ್ಲಿ ಹಿಡಿದರೂ ಅದೇ 1!

ಕದ್ರಿ_ಮಾಷ್ಟ್ರು | ಭಾನುವಾರ, ಸಂಜೆ 5:25

ಅಲ್ಲಿಗೆ ಮುಗಿಯಿತು. ಅದು 1 ಓಮ್ ಅಲ್ಲ. ಆ ಮೀಟರಿನ ಭಾಷೆಯಲ್ಲಿ ಎಡಗಡೆಯ ಒಂಟಿ 1 ಅಂದರೆ "ದಾರಿಯೇ ಇಲ್ಲ" ಅಂತ. ಹೀಟರಿನ ಎಳೆ ಒಳಗೆ ತುಂಡಾಗಿದೆ. 30 ವರ್ಷ ಪಾಠ ಮಾಡಿದ್ದೇನೆ, ಪ್ರತಿ ಬ್ಯಾಚಿನಲ್ಲೂ ಇಬ್ಬರಾದರೂ ಇದನ್ನು 1 ಓಮ್ ಅಂತ ಬರೆಯುತ್ತಿದ್ದರು.

ಇನ್ನೆರಡು ಪರೀಕ್ಷೆ ಮಾಡಿಬಿಡಿ. ಹಿಂದಿನ ಸೆನ್ಸರಿನ ಹೀಟರ್ ಅಳೆಯಿರಿ, ಒಳ್ಳೆಯದು ಎಷ್ಟು ತೋರಿಸುತ್ತದೆ ಅಂತ ಗೊತ್ತಾಗುತ್ತದೆ. ಮತ್ತೆ ಎಂಜಿನ್ ಓಡುವಾಗ ಕಾರಿನ ಕಡೆಯ ಕನೆಕ್ಟರಿಗೆ 12 ವೋಲ್ಟ್ ಬರುತ್ತದಾ ನೋಡಿ. ಅಂಗಿ ತೋಳು ಫ್ಯಾನ್ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ.

ಕಟಪಾಡಿಯವ | ಭಾನುವಾರ, ಸಂಜೆ 6:40

ಹಿಂದಿನದ್ದು 8 ಓಮ್. ಕನೆಕ್ಟರಿಗೆ ವೋಲ್ಟೇಜ್ ಬರುತ್ತಾ ಉಂಟು. ಮುಂದಿನ ಸೆನ್ಸರ್ ಒಂದೇ ಹೋದದ್ದು. ಮಾಷ್ಟ್ರೆ, ದೊಡ್ಡ ಉಪಕಾರ ಆಯಿತು.

ಬಿಸಿರೋಡ್_ರೈಡರ್ | ಭಾನುವಾರ, ರಾತ್ರಿ 8:05

ಇಷ್ಟೆಲ್ಲ ಯಾಕೆ? ಆ ಎರಡು ತಂತಿ ನಡುವೆ 10 ಓಮ್‌ನ ಒಂದು ರೆಸಿಸ್ಟರ್ ಹಾಕಿ. ಹತ್ತು ರೂಪಾಯಿ ಕೆಲಸ, ಲೈಟ್ ಹೋಗ್ತದೆ.

ಕದ್ರಿ_ಮಾಷ್ಟ್ರು | ಭಾನುವಾರ, ರಾತ್ರಿ 8:30

ಲೈಟ್ ಹೋಗಬಹುದು. ಸೆನ್ಸರ್ ತಣ್ಣಗೇ ಇರುತ್ತದೆ, ಮೈಲೇಜ್ 12ರಲ್ಲೇ ಇರುತ್ತದೆ. ಮತ್ತೆ ಲೆಕ್ಕ ಹಾಕಿ: ಎಂಜಿನ್ ಓಡುವಾಗ 14 ವೋಲ್ಟ್, 10 ಓಮ್ ಅಂದರೆ ಸುಮಾರು 20 ವ್ಯಾಟ್ ಬಿಸಿ. ಹತ್ತು ರೂಪಾಯಿಯ ರೆಸಿಸ್ಟರ್ ತಡೆಯುವುದು ಕಾಲು ವ್ಯಾಟ್, ಅರ್ಧ ವ್ಯಾಟ್. ಅದು ಸುಟ್ಟು, ಪಕ್ಕದ ತಂತಿಯ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಪೆಟ್ರೋಲ್ ಪೈಪ್ ಓಡುವ ಜಾಗ ಅದು.

ಬ್ರಹ್ಮಾವರ_ಬದಿ | ಭಾನುವಾರ, ರಾತ್ರಿ 9:00

ಎಲ್ಲ ಈ ಇ20, ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಕಿತಾಪತಿ. ಸೆನ್ಸರ್ ಹಾಳಾಗುವುದೂ ಅದರಿಂದಲೇ.

ಮಣಿಪಾಲ_ಮೈಲೇಜ್ | ಭಾನುವಾರ, ರಾತ್ರಿ 9:35

ಮೈಲೇಜ್ ವಿಷಯದಲ್ಲಿ ನಿಮ್ಮ ಮಾತು ಅರ್ಧ ನಿಜ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯಲ್ಲೇ, ಇ10ಕ್ಕೆ ಹೊಂದಿಸಿದ ಹಳೆ ಕಾರುಗಳಲ್ಲಿ ಇ20 ಹಾಕಿದರೆ ಶೇಕಡಾ 6-7ರಷ್ಟು ಮೈಲೇಜ್ ಇಳಿಯಬಹುದು ಅಂತ ಬರೆದಿದ್ದಾರೆ. 15ಕ್ಕೆ ಶೇಕಡಾ 7 ಕಳೆದರೆ 14. ಇವರಿಗೆ ಸಿಗುತ್ತಿರುವುದು 12. ಉಳಿದ ಎರಡು ಎಲ್ಲಿಗೆ ಹೋಯಿತು?

ಮತ್ತೆ ಎಥನಾಲ್‌ನಿಂದ ಹೀಟರಿನ ತಂತಿ ತುಂಡಾಗುವುದಿಲ್ಲ. ಸೆನ್ಸರನ್ನು ಕೊಲ್ಲುವುದು ಬೇರೆ: ಎಂಜಿನ್ ಆಯಿಲ್ ಸುಡುವುದು, ಕೂಲಂಟ್ ಒಳಗೆ ಸೋರುವುದು, ಗ್ಯಾಸ್ಕೆಟ್ ಹಾಕುವಾಗ ಕಂಡ ಕಂಡ ಸಿಲಿಕೋನ್ ಅಂಟು ಮೆತ್ತುವುದು. ಹಿಂದೆ ಸೀಸದ ಪೆಟ್ರೋಲ್ ಇತ್ತು, ಅದು 2000ಕ್ಕೆ ದೇಶದಲ್ಲೆಲ್ಲ ನಿಂತಿತು.

ಬ್ರಹ್ಮಾವರ_ಬದಿ | ಭಾನುವಾರ, ರಾತ್ರಿ 9:41

ಆದರೂ ನನಗೆ ಇ20 ಮೇಲೆ ಸಿಟ್ಟು ಹೋಗುವುದಿಲ್ಲ.

ಸುರತ್ಕಲ್_ಸ್ಪ್ಯಾನರ್ | ಸೋಮವಾರ, ಬೆಳಿಗ್ಗೆ 7:15

ಸಿಟ್ಟು ಇಟ್ಟುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಕಟಪಾಡಿಯವರೇ, ಈಗ ಸೆನ್ಸರ್ ತರುವ ವಿಷಯ. ಹಳೆಯದರ ಮೇಲೆ ಒಂದು ಪಾರ್ಟ್ ನಂಬರ್ ಇರುತ್ತದೆ, ತುಕ್ಕು ಹಿಡಿದಿದ್ದರೆ ಬಟ್ಟೆಯಿಂದ ಒರೆಸಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅದೇ ನಂಬರ್ ಹೇಳಿ ಬಾಷ್, ಡೆನ್ಸೊ, ಎನ್‌ಟಿಕೆ, ನಿಮ್ಮ ಕಾರಿಗೆ ಯಾವುದು ಬಂದಿದೆಯೋ ಅದನ್ನೇ ಹಾಕಿ. "ಯೂನಿವರ್ಸಲ್" ಅಂತ ತಂತಿ ಬಿಟ್ಟುಕೊಂಡ ಸೆನ್ಸರ್ ಅಗ್ಗಕ್ಕೆ ಸಿಗುತ್ತದೆ, ಅದು ಬೇಡ. ಕನೆಕ್ಟರ್ ಕತ್ತರಿಸಿ ಜೋಡಿಸಬೇಕು. ಜೋಡಿಸುವಾಗ ಎಲ್ಲರೂ ಬೆಸುಗೆ ಹಾಕಿಬಿಡುತ್ತಾರೆ. ಈ ಸೆನ್ಸರ್ ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದು ತಂತಿಯ ಎಳೆಗಳ ಸಂದಿಯಿಂದ. ಬೆಸುಗೆ ಹಾಕಿದರೆ ಮೂಗು ಮುಚ್ಚಿದ ಹಾಗೆ.

ಸ್ಪ್ಯಾನರ್ 22 ಎಂಎಂ. ಆದರೆ ತಂತಿ ಅಡ್ಡ ಬರುವುದರಿಂದ ಮಾಮೂಲಿ ಸಾಕೆಟ್ ಹೋಗುವುದಿಲ್ಲ. ಪಕ್ಕದಲ್ಲಿ ಸೀಳು ಬಿಟ್ಟ ಸಾಕೆಟ್ ಬೇಕು. ನನ್ನ ಹತ್ತಿರ ಒಂದು ಉಂಟು. ಬೇಕಾದರೆ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ಕಟಪಾಡಿಯಲ್ಲಿ ನಿಂತು ಇಳಿಸಿಕೊಳ್ಳಿ.

ಕಟಪಾಡಿಯವ | ಸೋಮವಾರ, ಬೆಳಿಗ್ಗೆ 7:50

ಖಂಡಿತ ಬೇಕು ಅಣ್ಣ. ಮೆಸೇಜ್ ಮಾಡ್ತೇನೆ.

ಉರ್ವದ_ಸ್ಕೂಟರ್ | ಸೋಮವಾರ, ರಾತ್ರಿ 8:20

ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ನನ್ನದು 2021ರ ಬಿಎಸ್6 ಸ್ಕೂಟರ್. ವಾಟರ್ ಸರ್ವಿಸ್ ಮಾಡಿಸಿದ ಮಾರನೇ ದಿನ ಎಂಜಿನ್ ಲೈಟ್ ಬಂತು. ಸ್ಕೂಟರಿಗೂ ಈ ಸೆನ್ಸರ್ ಇರುತ್ತದಾ? ಅಂಗಡಿಯಲ್ಲಿ ಸೆನ್ಸರ್ ಬದಲಾಯಿಸಬೇಕು ಅನ್ನುತ್ತಾರೆ.

ಸುರತ್ಕಲ್_ಸ್ಪ್ಯಾನರ್ | ಸೋಮವಾರ, ರಾತ್ರಿ 8:45

ಇರುತ್ತದೆ ಅಕ್ಕ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು, ಅದರ ಜೊತೆಗೆ ಈ ಸೆನ್ಸರೂ ಬಂತು. ಕಾರಿನದ್ದಕ್ಕಿಂತ ಸಣ್ಣದು.

ನೀರು ಹೊಡೆದ ಮಾರನೇ ದಿನವೇ ಲೈಟ್ ಬಂದರೆ ಮೊದಲು ಕನೆಕ್ಟರ್ ನೋಡಬೇಕು. ಪ್ರೆಷರಿನಲ್ಲಿ ನೀರು ರಬ್ಬರ್ ಸೀಲ್ ದಾಟಿ ಒಳಗೆ ಹೋಗಿರುತ್ತದೆ. ಬ್ಯಾಟರಿ ತಂತಿ ತೆಗೆದು, ಕನೆಕ್ಟರ್ ಬಿಚ್ಚಿ, ಬಿಸಿಲಿಗೆ ಒಂದು ದಿನ ಒಣಗಲು ಬಿಡಿ. ಪಿನ್ನಿಗೆ ಹಸಿರು ಬಂದಿದ್ದರೆ ಒಣ ಬ್ರಷ್‌ನಿಂದ ಮೆಲ್ಲ ಉಜ್ಜಿ. ಸ್ಪ್ರೇ, ಗ್ರೀಸ್ ಏನೂ ಒಳಗೆ ಹೊಡೆಯಬೇಡಿ, ಮೇಲೆ ಹೇಳಿದ ಮೂಗಿನ ಕತೆಯೇ.

ಉರ್ವದ_ಸ್ಕೂಟರ್ | ಬುಧವಾರ, ಬೆಳಿಗ್ಗೆ 10:10

ಕನೆಕ್ಟರ್ ಬಿಚ್ಚುವಾಗ ನಾಲ್ಕು ಹನಿ ನೀರು ಇಳಿಯಿತು! ಒಣಗಿಸಿ ಹಾಕಿದೆ. ಇವತ್ತು ಲೈಟ್ ಇಲ್ಲ. ಸೆನ್ಸರಿನ ದುಡ್ಡಿನಲ್ಲಿ ಸೀರೆ ತಗೊಳ್ತೇನೆ.

ಸುರತ್ಕಲ್_ಸ್ಪ್ಯಾನರ್ | ಗುರುವಾರ, ರಾತ್ರಿ 9:00

ಕಟಪಾಡಿಯವರೇ, ಸಾಕೆಟ್ ಸಿಕ್ಕಿತಲ್ಲ. ಶನಿವಾರ ಕೆಲಸ ಅಂದಿರಿ. ಇವತ್ತು ರಾತ್ರಿಯೇ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಸೆನ್ಸರಿನ ಬುಡಕ್ಕೆ ತುಕ್ಕು ಸಡಿಲಿಸುವ ಎಣ್ಣೆ ಹೊಡೆಯಿರಿ. ನಾಳೆ ಮತ್ತೊಮ್ಮೆ. ಬಿಸಿ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆ) ಮೇಲೆ ಮಾತ್ರ ಬೇಡವೇ ಬೇಡ, ಹೊತ್ತಿಕೊಂಡರೆ ಕಷ್ಟ.

ನಮ್ಮ ಕಡೆ ಇದು ಎಲ್ಲಕ್ಕಿಂತ ಮುಖ್ಯ. ಬೆಂಗಳೂರಿನ ವಿಡಿಯೋಗಳಲ್ಲಿ ಸ್ಪ್ಯಾನರ್ ಹಾಕಿದ ಕೂಡಲೇ ತಿರುಗುತ್ತದೆ. ಸಮುದ್ರದ ಗಾಳಿ, ನಾಲ್ಕು ತಿಂಗಳ ಮಳೆ ತಿಂದ ನಮ್ಮ ಕಾರುಗಳಲ್ಲಿ ಸೆನ್ಸರೂ ಮ್ಯಾನಿಫೋಲ್ಡೂ ಮದುವೆಯಾಗಿ ಕೂತಿರುತ್ತವೆ.

ನಿಮ್ಮದು ಮೇಲಿನಿಂದಲೇ ಕೈಗೆ ಸಿಗುವ ಸೆನ್ಸರ್, ಕಾರು ಎತ್ತುವ ಅಗತ್ಯ ಇಲ್ಲ. ಬೇರೆಯವರು ಓದಿ ಹಿಂದಿನ ಸೆನ್ಸರಿಗೆ ಕೈ ಹಾಕಬಹುದು, ಅದಕ್ಕೆ ಹೇಳುವುದು: ಕಾರಿನ ಅಡಿಗೆ ಹೋಗುವುದಾದರೆ ಆ್ಯಕ್ಸಲ್ ಸ್ಟ್ಯಾಂಡ್ ಇಟ್ಟೇ ಹೋಗಿ. ಬರೀ ಜ್ಯಾಕ್ ನಂಬಬೇಡಿ. ಅಂಗಳದಲ್ಲಿ ಬಿದ್ದಿರುವ ಕೆಂಪುಕಲ್ಲು ಇಡುವವರನ್ನು ನೋಡಿದ್ದೇನೆ. ಮನೆ ಗೋಡೆಯಲ್ಲಿ ಭದ್ರ ಇದ್ದ ಮಾತ್ರಕ್ಕೆ ಕಾರಿನ ಅಡಿಯಲ್ಲೂ ಇರುತ್ತದೆ ಅಂತಲ್ಲ. ಒಂದೇ ಮೂಲೆಗೆ ಭಾರ ಬಿದ್ದರೆ ಪುಡಿಯಾಗುತ್ತದೆ.

ಕಟಪಾಡಿಯವ | ಶನಿವಾರ, ಬೆಳಿಗ್ಗೆ 9:55

ಶುರು ಮಾಡಿದೆ. ಬ್ಯಾಟರಿಯ ನೆಗೆಟಿವ್ ತೆಗೆದಾಯಿತು. ಹೀಟ್ ಶೀಲ್ಡಿನ (ಬಿಸಿ ತಡೆಯುವ ತಗಡು) ನಾಲ್ಕು ಬೋಲ್ಟ್‌ನಲ್ಲಿ ಮೂರು ಬಂತು. ನಾಲ್ಕನೆಯದರ ತಲೆ ಬಿಸ್ಕೆಟಿನ ಹಾಗೆ ಕೈಗೇ ಬಂತು. ಸುರುವಾತಿಗೇ ಇದು.

ಮಲ್ಪೆ_ಬೋಟ್ | ಶನಿವಾರ, ಬೆಳಿಗ್ಗೆ 10:02

ಟೇಪ್ ಇನ್ನೂ ಅಂಗಡಿಯಲ್ಲಿ ಸಿಗ್ತದೆ.

ಕಟಪಾಡಿಯವ | ಶನಿವಾರ, ಬೆಳಿಗ್ಗೆ 10:40

ಸೆನ್ಸರ್ ಅರ್ಧ ಸುತ್ತು ಬಂದು ನಿಂತಿತು! ಕೀರ್ ಅಂತ ಶಬ್ದ. ಸ್ಪ್ಯಾನರಿಗೆ ಪೈಪ್ ಹಾಕಿ ಒತ್ತಲಾ? ಮಾಷ್ಟ್ರು ಯಾರಾದರೂ ಇದ್ದೀರಾ?

ಕದ್ರಿ_ಮಾಷ್ಟ್ರು | ಶನಿವಾರ, ಬೆಳಿಗ್ಗೆ 10:46

ಪೈಪ್ ಕೆಳಗಿಡಿ. ಚಹಾ ಕುಡಿಯಿರಿ.

ಆ ಶಬ್ದ ತುಕ್ಕಿನ ಪುಡಿ ಥ್ರೆಡ್ (ತಿರುಪಿನ ಹಲ್ಲು) ಒಳಗೆ ಅರೆಯುವುದು. ಈಗ ಜೋರು ಮಾಡಿದರೆ ಮ್ಯಾನಿಫೋಲ್ಡಿನ ಥ್ರೆಡ್ಡೂ ಸೆನ್ಸರಿನ ಜೊತೆಗೆ ಹೊರಗೆ ಬರುತ್ತದೆ. ಬಂದ ಅರ್ಧ ಸುತ್ತನ್ನು ವಾಪಸ್ ಒಳಗೆ ತಿರುಗಿಸಿ. ಎಣ್ಣೆ ಬಿಡಿ, ಹತ್ತು ನಿಮಿಷ ಬಿಟ್ಟು ಹೊರಗೆ ಮುಕ್ಕಾಲು ಸುತ್ತು. ಮತ್ತೆ ಒಳಗೆ ಅರ್ಧ. ತೆಂಗಿನಕಾಯಿ ತುರಿದ ಹಾಗೆ, ಹಿಂದೆ ಮುಂದೆ, ಅವಸರ ಇಲ್ಲದೆ.

ಅದಕ್ಕೂ ಬಗ್ಗದಿದ್ದರೆ ಎಣ್ಣೆ ಪೂರ್ತಿ ಒರೆಸಿ, ಬ್ಯಾಟರಿ ಹಾಕಿ, ಎಂಜಿನನ್ನು ಎರಡೇ ಎರಡು ನಿಮಿಷ ಓಡಿಸಿ ನಿಲ್ಲಿಸಿ. ಕಬ್ಬಿಣ ಸ್ವಲ್ಪ ಅರಳುತ್ತದೆ. ದಪ್ಪ ಗ್ಲೌಸ್ ಹಾಕಿ ಆಗ ತಿರುಗಿಸಿ.

ಕಟಪಾಡಿಯವ | ಶನಿವಾರ, ಮಧ್ಯಾಹ್ನ 1:30

ಬಂತು!

ಎರಡು ನಿಮಿಷ ಬಿಸಿ ಮಾಡುವ ಹಂತದವರೆಗೂ ಹೋಗಬೇಕಾಯಿತು. ಹಿಂದೆ ಮುಂದೆ ಮಾಡಿ ಮಾಡಿ ಸುಮಾರು ಒಂದೂವರೆ ಗಂಟೆ. ಕೊನೆಯ ಮೂರು ಸುತ್ತು ಬೆರಳಲ್ಲೇ ಬಂತು. ಅಮ್ಮ ಎರಡು ಸಲ ಬಂದು "ಅದು ಬಂತಾ?" ಅಂತ ಕೇಳಿ ಹೋದರು. ಅವರಿಗೆ ಊಟಕ್ಕೆ ತಡವಾಗುವ ಚಿಂತೆ.

ತೆಗೆದ ಸೆನ್ಸರಿನ ತುದಿ ತಿಳಿ ಬೂದು ಬಣ್ಣ ಉಂಟು. ಮಸಿ ಇಲ್ಲ, ಎಣ್ಣೆ ಜಿಡ್ಡು ಇಲ್ಲ. ಮೆಲ್ಲ ಅಲ್ಲಾಡಿಸಿದರೆ ಒಳಗೆ ಏನೋ ಕಿಣಿ ಕಿಣಿ ಅನ್ನುತ್ತದೆ. ಥ್ರೆಡ್ಡಿನ ಎರಡು ಸುತ್ತು ಮಾತ್ರ ಉಜ್ಜಿ ಹೋದ ಹಾಗೆ ಕಾಣುತ್ತದೆ. ಮ್ಯಾನಿಫೋಲ್ಡಿನ ಥ್ರೆಡ್ಡಲ್ಲೂ ತುಕ್ಕು ಉಂಟು. ಹಾಗೇ ಹೊಸದು ಹಾಕಬಹುದಾ?

ಕದ್ರಿ_ಮಾಷ್ಟ್ರು | ಶನಿವಾರ, ಮಧ್ಯಾಹ್ನ 1:48

ಕಿಣಿ ಕಿಣಿ ಅಂದರೆ ಪಿಂಗಾಣಿಯೇ ಒಡೆದಿದೆ. ಕಾದ ಸೆನ್ಸರಿಗೆ ನೀರು ತಗುಲಿದರೆ ಹೀಗಾಗುವುದುಂಟು, ಬಿಸಿ ಬಾಣಲೆಗೆ ತಣ್ಣೀರು ಹೊಯ್ದ ಹಾಗೆ. ಮಳೆಗಾಲದಲ್ಲಿ ನೀರು ತುಂಬಿದ ರಸ್ತೆಯಲ್ಲಿ ಜೋರಾಗಿ ನುಗ್ಗಿಸಿದ್ದು ನೆನಪುಂಟಾ?

ತುದಿಯ ತಿಳಿ ಬೂದು ಒಳ್ಳೆಯ ಸುದ್ದಿ, ಎಂಜಿನ್ ಆರೋಗ್ಯವಾಗಿದೆ.

ಥ್ರೆಡ್ ಸ್ವಚ್ಛ ಮಾಡದೆ ಹೊಸದು ಹಾಕಬೇಡಿ. ಎಂ18, 1.5 ಪಿಚ್‌ನ ಟ್ಯಾಪ್, ಅಂದರೆ ಥ್ರೆಡ್ ಕೊರೆಯುವ ಸಾಧನ, ಬೇಕು. ಯಾವುದಾದರೂ ಲೇತ್ ವರ್ಕ್‌ಶಾಪಿನಲ್ಲಿ ಕೇಳಿದರೆ ಒಂದು ಗಂಟೆಗೆ ಕೊಡುತ್ತಾರೆ. ಟ್ಯಾಪಿನ ಹಲ್ಲಿನ ಸಂದಿಗೆ ಗ್ರೀಸ್ ತುಂಬಿ ಕೈಯಲ್ಲೇ ತಿರುಗಿಸಿ, ತುಕ್ಕಿನ ಪುಡಿ ಗ್ರೀಸಿಗೆ ಅಂಟಿಕೊಂಡು ಹೊರಗೆ ಬರುತ್ತದೆ. ಆಮೇಲೆ ಆ ಗ್ರೀಸನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ.

ಕಟಪಾಡಿಯವ | ಶನಿವಾರ, ಮಧ್ಯಾಹ್ನ 1:55

ಜುಲೈಯಲ್ಲಿ ಒಂದು ರಾತ್ರಿ ರಸ್ತೆ ತೋಡಿನ ಹಾಗೆ ಆಗಿತ್ತು. ನುಗ್ಗಿಸಿದೆ. ಈ ವಿಷಯ ಅಮ್ಮನಿಗೆ ಗೊತ್ತಿಲ್ಲ.

ಸುರತ್ಕಲ್_ಸ್ಪ್ಯಾನರ್ | ಶನಿವಾರ, ಮಧ್ಯಾಹ್ನ 2:10

ಹೊಸದು ಹಾಕುವಾಗ: ಥ್ರೆಡ್ಡಿಗೆ ಪೇಸ್ಟ್ ಹಚ್ಚಿಯೇ ಬಂದಿರುತ್ತದೆ ನೋಡಿ, ಬೂದು ಅಥವಾ ತಾಮ್ರದ ಬಣ್ಣ. ಬಂದಿದ್ದರೆ ಮತ್ತೆ ಹಚ್ಚಬೇಡಿ. ಇಲ್ಲದಿದ್ದರೆ ಅಂಟಿ ಹಿಡಿಯದ ಹಾಗೆ ಹಚ್ಚುವ ಆ್ಯಂಟಿ ಸೀಜ್ ಪೇಸ್ಟ್ ಸ್ವಲ್ಪವೇ, ಥ್ರೆಡ್ಡಿಗೆ ಮಾತ್ರ. ತುದಿಗೆ ಬೆರಳೂ ತಾಗಿಸಬೇಡಿ. ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ಅರ್ಧದಲ್ಲಿ ಬಿಗಿಯಾದರೆ ಓರೆ ಹತ್ತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ. ಟಾರ್ಕ್ ಸುಮಾರು 40 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ದರೆ ವಾಷರ್ ಕೂತ ಮೇಲೆ ಅರ್ಧ ಸುತ್ತಿಗೆ ಸ್ವಲ್ಪ ಮೇಲೆ. ತಂತಿಯನ್ನು ಹಳೆಯ ಕ್ಲಿಪ್ಪಿಗೇ ಸಿಕ್ಕಿಸಿ, ಮ್ಯಾನಿಫೋಲ್ಡಿಗೆ ತಾಗಿದರೆ ಒಂದೇ ದಿನದಲ್ಲಿ ಕರಗುತ್ತದೆ.

ಕೈ ಜಾರಿ ನೆಲಕ್ಕೆ ಬಿದ್ದರೆ ಹೊಸ ಸೆನ್ಸರನ್ನೂ ಹಳೆಯದು ಅಂತಲೇ ತಿಳಿಯಿರಿ.

ಕಟಪಾಡಿಯವ | ಶನಿವಾರ, ಸಂಜೆ 6:20

ಟ್ಯಾಪ್ ಸಿಕ್ಕಿತು, ಥ್ರೆಡ್ ಚೆನ್ನಾಗಿ ಬಂತು. ಹೊಸದನ್ನು ಹಾಕುವ ಮೊದಲು ಹೀಟರ್ ಅಳೆದೆ, 9 ಓಮ್. ಈ ಸಲ ಬಲಗಡೆಯಲ್ಲಿ!

ಕೋಡ್ ಅಳಿಸಿ ಎಂಜಿನ್ ಸ್ಟಾರ್ಟ್ ಮಾಡಿ ಮೊಬೈಲಿನಲ್ಲಿ ಗ್ರಾಫ್ ಹಾಕಿದೆ. ಮೊದಲು ಗೆರೆ ಸಪಾಟು. ಒಂದು ನಿಮಿಷ ಆಗುವುದರೊಳಗೆ ಕುಣಿಯಲು ಶುರು, 0.1ರಿಂದ 0.8, ಮತ್ತೆ 0.1. ಹೋದ ವಾರ ಹಳೆಯದರಲ್ಲಿ ಆರು ನಿಮಿಷ ಕಾದರೂ ಗೆರೆ ಮಲಗಿಯೇ ಇತ್ತು. ಹಿಂದಿನ ಸೆನ್ಸರ್ 0.7ರ ಹತ್ತಿರ ಸುಮ್ನೆ ನಿಂತಿರುತ್ತದೆ. ಅದು ಹಾಗೇ ಇರಬೇಕಾ?

ಕದ್ರಿ_ಮಾಷ್ಟ್ರು | ಶನಿವಾರ, ಸಂಜೆ 6:45

ಹಾಗೇ ಇರಬೇಕು. ಮುಂದಿನದು ಕುಣಿಯಬೇಕು, ಹಿಂದಿನದು ನಿಲ್ಲಬೇಕು. ಹಿಂದಿನದೂ ಅದೇ ತಾಳಕ್ಕೆ ಕುಣಿದರೆ ಆಗ ಕನ್ವರ್ಟರ್ ಬಗ್ಗೆ ಯೋಚನೆ ಮಾಡಬೇಕು. ನಿಮ್ಮ ಕನ್ವರ್ಟರ್ ಗಟ್ಟಿಯಾಗಿದೆ. ಯಾರಾದರೂ ಬದಲಾಯಿಸಿ ಅಂದರೆ ಸಂಜೆ ಬರ್ತೇನೆ ಅಂತ ಹೇಳಿ.

ಒಂದು ಹಳೇ ವಿಷಯ ನೆನಪಾಯಿತು. ಬಾಷ್‌ನವರ ಈ ಸೆನ್ಸರ್ ಮೊದಲು ಕಾರಿಗೆ ಬಂದದ್ದು 1976ರಲ್ಲಿ, ವೋಲ್ವೊದಲ್ಲಿ. ಆಗ ಅದರಲ್ಲಿ ಹೀಟರೇ ಇರಲಿಲ್ಲ. ಹೀಟರ್ ಬಂದದ್ದು ಆಮೇಲೆ. ನೀವು ಇಷ್ಟು ದಿನ 1976ರ ಕಾರು ಓಡಿಸಿದ ಹಾಗೆ.

ಕಟಪಾಡಿಯವ | ಎರಡು ವಾರದ ನಂತರ, ಭಾನುವಾರ

ಟ್ಯಾಂಕ್ ತುಂಬಿಸಿ ತುಂಬಿಸಿ ಎರಡು ಸಲ ಲೆಕ್ಕ ಹಾಕಿದೆ. ಅದೇ ಆಫೀಸ್ ದಾರಿಯಲ್ಲಿ 14.1. ಲೈಟ್ ಬಂದಿಲ್ಲ. ಬ್ರಹ್ಮಾವರದವರೇ, ಉಳಿದ 0.9 ನಿಮ್ಮ ಇ20 ಲೆಕ್ಕಕ್ಕೆ ಬರೆದುಕೊಳ್ಳಿ.

ಹೀಟ್ ಶೀಲ್ಡಿಗೆ ಒಂದು ಬೋಲ್ಟ್ ಕಡಿಮೆ ಉಂಟು. 2000 ಆರ್‌ಪಿಎಂ ಹತ್ತಿರ ಚೂರು ಜಾಗಟೆ ಬಾರಿಸುತ್ತದೆ. ಅದಕ್ಕೆ ಇನ್ನೊಂದು ಭಾನುವಾರ.

ಬ್ರಹ್ಮಾವರ_ಬದಿ | ಭಾನುವಾರ, ರಾತ್ರಿ 8:10

ಬರೆದುಕೊಂಡೆ.

ಕುಂದಾಪ್ರದವ | ಸೋಮವಾರ, ಬೆಳಿಗ್ಗೆ 8:30

ಎಲ್ಲ ಓದಿದೆ ಮಾರ್ರೆ. ನನ್ನ ಕಾರಿಗೆ ಪಿ0141 ಬಂದಿತ್ತ್. ಫ್ಯೂಸ್ ನೋಡಿದೆ, ತಂತಿ ನೋಡಿದೆ, ಮೀಟರಿನ ಎಡಗಡೆ ಒಂಟಿ 1. ಆ ಸೀಳು ಸಾಕೆಟ್ ಈಗ ಯಾರ ಹತ್ರ ಇತ್ತ್?

ಕಟಪಾಡಿಯವ | ಸೋಮವಾರ, ಬೆಳಿಗ್ಗೆ 8:41

ನನ್ನ ಹತ್ತಿರವೇ ಉಂಟು. ಸುರತ್ಕಲ್ ಅಣ್ಣ ಹೂಂ ಅಂದರೆ ನಾಳೆ ಬೆಳಿಗ್ಗೆಯ ಬಸ್ಸಿಗೆ ಹಾಕ್ತೇನೆ.

ಸುರತ್ಕಲ್_ಸ್ಪ್ಯಾನರ್ | ಸೋಮವಾರ, ಬೆಳಿಗ್ಗೆ 9:02

ಹಾಕಿ ಹಾಕಿ. ಕುಂದಾಪ್ರದವರೇ, ನಿಮ್ಮದು ಕಾರಿನ ಅಡಿಯ ಸೆನ್ಸರ್. ಸ್ಟ್ಯಾಂಡ್ ಉಂಟಾ?

ಕುಂದಾಪ್ರದವ | ಸೋಮವಾರ, ಬೆಳಿಗ್ಗೆ 9:05

ಕೆಂಪುಕಲ್ಲ್ ಇತ್ತ್.

ಸುರತ್ಕಲ್_ಸ್ಪ್ಯಾನರ್ | ಸೋಮವಾರ, ಬೆಳಿಗ್ಗೆ 9:06

ಕಟಪಾಡಿಯವರೇ, ಸಾಕೆಟ್ ಬಸ್ಸಿಗೆ ಹಾಕಬೇಡಿ. ನಾನೇ ಸ್ಟ್ಯಾಂಡ್ ತಗೊಂಡು ಭಾನುವಾರ ಆ ಕಡೆ ಬರ್ತೇನೆ, ದಾರಿಯಲ್ಲಿ ನಿಮ್ಮಲ್ಲಿಂದ ಸಾಕೆಟ್ ತಗೊಳ್ತೇನೆ.